ಅಳತೆಪಟ್ಟಿ

ಶೇಫ್ರ ಓ ಲೂಸಿ ಸತ್ತ ಮೂರನೆಯ ವಾರ
ಅವನ ಹೆಂಡತಿ ಗೊಬ್ನಿತ್ ನನ್ನ ಬಾಗಿಲಿಗೆ ಬಂದಳು,
ಶಾಲಿನೊಳಗೆ ಕೂಸನ್ನು ಮುಚ್ಚಿ ತಂದಂತೆ
ಒಂದು ಪುಸ್ತಕ.
'ದರ್ಜಿ, ತೊಗಲು ಗಟ್ಟಿಯಿದೆ, ಎಳೆದು ನೋಡು' ಅಂದಳು.
ಎಳೆದೆ. ಹರಿಯಲಿಲ್ಲ.
ಆರು ಪೆನ್ನಿ ಕೊಟ್ಟೆ, ಅರ್ಧ ಚೀಲ ಓಟ್ಸ್ ಹಿಟ್ಟು ಕೊಟ್ಟೆ.
ಅದು ಆಲೂಗಡ್ಡೆ ನೆಲದೊಳಗೇ ಕಪ್ಪಾದ ವರ್ಷ,
ಮಸ್ಕ್ರಿಯ ಗುಡ್ಡದಲ್ಲಿ ಚೌಕಾಶಿಗೆ
ಯಾರಲ್ಲೂ ಉಸಿರಿರಲಿಲ್ಲ.

ನನಗೆ ಓದು ಬಾರದು.
ಮಾತು ಬರುತ್ತದೆ, ಬೈಗುಳ ಬರುತ್ತದೆ,
ಹೆಣದ ಮುಂದೆ ಅಳುವ ಪದವೂ ಬರುತ್ತದೆ,
ಎಲ್ಲ ಐರಿಷ್‌ನಲ್ಲೇ.
ಅದೇ ಮಾತು ಹಾಳೆಯ ಮೇಲೆ ಕೂತರೆ
ಕಲ್ಲುಗೋಡೆಯ ಮೇಲಿನ ಕಾಗೆಗಳು;
ಹತ್ತಿರ ಹೋದರೆ ಹಾರುವುದೂ ಇಲ್ಲ.
ಮಗ ಇಂಗ್ಲಿಷ್ ಶಾಲೆಗೆ ಹೋಗುತ್ತಾನೆ. ಕರೆದು ತೋರಿಸಿದೆ.
'ಈ ಅಕ್ಷರ ನಮ್ಮ ಶಾಲೆಯದಲ್ಲಪ್ಪ' ಅಂದ.

ಕರುವಿನ ತೊಗಲು ಹೊಲಿಯುವವನಿಗೆ ವರ.
ಬಟ್ಟೆಯ ಹಾಗೆ ಹಿಗ್ಗದು, ಕಾಗದದ ಹಾಗೆ ಸೀಳದು.
ಬೆರಳಗಲ ಪಟ್ಟಿಗಳಾಗಿ ಕತ್ತರಿಸಿದೆ,
ಆಳಿಗೊಂದು ಪಟ್ಟಿ, ಅಂಚಿಗೆ ಕಚ್ಚು:
ಒಂದು ಕಚ್ಚು ಕುತ್ತಿಗೆ, ಎರಡು ಎದೆ,
ಓರೆಗಚ್ಚು ತೋಳು.
ನನ್ನ ಬರವಣಿಗೆ ಅಷ್ಟೇ.
ಊರಿಗೆ ಊರೇ ನನ್ನ ಮೊಳೆಯಲ್ಲಿ ತೂಗುತ್ತಿತ್ತು,
ಕಮ್ಮಾರನ ಭುಜ, ಪಾದ್ರಿಯ ಹೊಟ್ಟೆ,
ಮದುವೆಗೆಂದು ಅಳೆಸಿ ಮದುವೆ ಕಾಣದ
ಹುಡುಗಿಯ ಸೊಂಟ.

ಚಳಿಗಾಲದ ಕೊನೆಗೆ ಕೆರಿಯ ಕಡೆಯಿಂದ
ಅಲೆಮಾರಿ ಮೇಷ್ಟ್ರೊಬ್ಬ ಬಂದ, ಅನ್ರಿ ಅಂತ,
ಬೇಲಿ ಮರೆಯಲ್ಲಿ ಪಾಠ ಹೇಳಿ ಬದುಕಿದವನು.
ಕೋಟನ್ನು ಒಳಹೊರಗು ತಿರುವಿ ಹೊಲಿಯಬೇಕಂತೆ.
ಪಟ್ಟಿಯನ್ನು ಎದೆಗೆ ಸುತ್ತಿದೆ.
ಅಳೆಯುವಾಗ ಉಸಿರು ಬಿಗಿಹಿಡಿಯುವುದು ಎಲ್ಲರ ಚಾಳಿ;
ಇವನು ಹಿಡಿದವನು ಬಿಡಲೇ ಇಲ್ಲ.
ಗಲ್ಲವನ್ನು ಎದೆಗೊತ್ತಿ
ತನ್ನ ಮೈಮೇಲಿನದನ್ನು ತಾನೇ ಓದತೊಡಗಿದ:

'ಮಸಿ ನೀರಾಗಿದೆ, ಕೈ ಮರಗಟ್ಟಿದೆ, ಹೊರಗೆ'

ಅಲ್ಲಿಗೆ ನನ್ನ ಕತ್ತರಿ.

ಹೊರಗೆ ಏನು?
ಆ ರಾತ್ರಿ ಗೋಡೆಯ ಊರನ್ನೆಲ್ಲ ಇಳಿಸಿ
ನೆಲದ ಮೇಲೆ ಹಾಸಿದೆವು.
ಕಮ್ಮಾರನ ಕುತ್ತಿಗೆಗೆ ಪಾದ್ರಿಯ ತೋಳು ಕೂಡಿತು,
ಸಾಲಿಗೆ ಸಾಲು ಹತ್ತಿತು.
ಮೊದಲ ಕೈ ದುಂಡಗೆ, ದೊಡ್ಡದು:
ಯಾವನೋ ಧಣಿಯನ್ನು ಹೊಗಳಿ
ಇಪ್ಪತ್ತು ಹಸು, ಒಂದು ಕುದುರೆ ಗೆದ್ದವನದು.
ಅದರ ಕೆಳಗೆ, ನೂರು ವರ್ಷ ಆಚೆ, ಇನ್ನೊಂದು ಕೈ:
ಧಣಿ ಕಡಲು ದಾಟಿ ಓಡಿದ, ಅದೇ ಪದ್ಯ ಹೇಳಿದೆ,
ಈ ಸಲ ಒಂದು ಲೋಟ ಮಜ್ಜಿಗೆ.
ಅಂಚಿನಲ್ಲಿ, ಇರುವೆಯ ಹಾಗೆ, ನಮ್ಮ ಶೇಫ್ರ:
'ದೀಪಕ್ಕೆ ಕೊಬ್ಬಿಲ್ಲ. ಗೊಬ್ನಿತ್ ಬೈದಳು.
ಅವಳದು ಸರಿ.'
ಅನ್ರಿ ನಕ್ಕ. ಆಮೇಲೆ ಬಹಳ ಹೊತ್ತು
ಕೋಟಿಲ್ಲದ ತೋಳಿನಿಂದ ಮೂಗೊರೆಸಿಕೊಂಡ.

'ಹೊರಗೆ' ಆದಮೇಲಿನ ಪಟ್ಟಿ ಮಾತ್ರ ಸಿಗಲಿಲ್ಲ.
ನೆನಪಾಯಿತು: ಲೂಕಾಸನ ಕೋಟಿನ ಕಾಲರಿಗೆ
ಬಿಗಿಯಿರಲಿ ಎಂದು ಒಳಗಿಟ್ಟು ಹೊಲಿದಿದ್ದೆ.
ಕೋವ್ ಬಂದರಿನಲ್ಲಿ ಕ್ವಿಬೆಕ್‌ನ ಹಡಗು ಹತ್ತಿದ,
ಕಾಗದ ಬಂದಿಲ್ಲ.
ಏನಾದರೂ ಹೇಳಿದ್ದನಾ, ಅನ್ರಿ ಕೇಳಿದ.
'ಕತ್ತು ಕೆರೆಯುತ್ತೆ' ಅಂದಿದ್ದ.
ಒಗ್ಗಿಕೊಳ್ಳುತ್ತೆ ಹೋಗು ಅಂದಿದ್ದೆ.

ಪಟ್ಟಿಗಳನ್ನು ಅನ್ರಿ ಕಂತೆ ಕಟ್ಟಿ ಒಯ್ದ.
ನಾನು ದುಡ್ಡು ಕೇಳಲಿಲ್ಲ;
ಅರ್ಧ ಊರು ಆಗಲೇ
ಅಳತೆ ಬೇಡದ ಕಡೆ ಮಲಗಿತ್ತು.

ಹಿಟ್ಟಿನ ಚೀಲ ಒಗೆದು ಮಡಿಸಿ
ಹಿಂದಿರುಗಿಸಲು ಗೊಬ್ನಿತ್ ಬಂದಳು ಆ ವಸಂತ.
ಮೈಯಲ್ಲಿ ಮೂಳೆ ಬಿಟ್ಟರೆ ಬೈಯುವ ಬಾಯಿ.
'ಅವಳದು ಸರಿ' ಹೇಳಿದೆ, ಕೇಳಿಸಿಕೊಂಡಳು, ಸುಮ್ಮನಿದ್ದಳು.
ಮಸಿ ನೀರಾದದ್ದು, ಕೈ ಮರಗಟ್ಟಿದ್ದು ಹೇಳಿದೆ.
ಹೊರಗೆ ಏನಿತ್ತು ಗೊಬ್ನಿತ್?

ಚೀಲದ ಮಡಿಕೆಯನ್ನು ಬೆರಳಲ್ಲಿ ತೀಡುತ್ತ ಅಂದಳು:
'ಅವನು ಏನು ಬರೆದನೋ ನಾ ಕಾಣೆ.
ಹೊರಗೆ ನಾನಿದ್ದೆ.
ಹಿಮ ಬೀಳುತ್ತಿತ್ತು, ಹಸು ಈಯುತ್ತಿತ್ತು.
ದೀಪ ಒಳಗಿತ್ತು.'