ಗಾಳಿಯ ಲೆಕ್ಕಕ್ಕೆ

ಪುಂತಾ ಅರೇನಸ್ಸಿನಲ್ಲಿ ಏನು ಮುರಿದರೂ
ಗಾಳಿಯ ಲೆಕ್ಕಕ್ಕೆ ಬರೆದುಬಿಡಬಹುದು.
ಯಾರೂ ಸಾಕ್ಷಿ ಕೇಳುವುದಿಲ್ಲ.
ಬೇಸಿಗೆಯಲ್ಲಿ ಪೇಟೆಯ ಮೂಲೆಗಳಿಗೆ
ಹಗ್ಗ ಕಟ್ಟುತ್ತಾರೆ, ಹಿಡಿದು ನಡೆಯಲಿಕ್ಕೆ.
ಅಂಥ ಊರಲ್ಲಿ ಅಡುಗೆಮನೆಯ ಬಾಗಿಲ ಗಾಜು
ಒಂದು ಸೀಳು ಬಿಟ್ಟರೆ ಅದೇನು ಸುದ್ದಿ?

ಗಾಳಿ, ಅಂದೆ ಪಕ್ಕದ ಮನೆಯ ಎಲಿಸೆಯೋಗೆ.
ಗಾಳಿಯೇ, ಅಂದ ಆತ, ಕನ್ನಡಕ ಹಣೆಗೇರಿಸಿ.
ನಲವತ್ತು ವರ್ಷ ಹಡಗಿನ ಇಂಜಿನ್ನುಗಳ ಕೆಮ್ಮು ಕೇಳಿದವನು.
ಹಿಡಿಕೆಯ ಹತ್ತಿರ ಹುಟ್ಟಿ
ಓರೆಯಾಗಿ ಮೇಲಕ್ಕೆ ಹೋಗಿದೆ, ನೋಡು, ಅಂದ.
ಗಾಳಿ ಹಿಡಿಕೆ ಹಿಡಿದು ಎಳೆಯುತ್ತದೆಯೇ ಎಂದು ಮಾತ್ರ
ಕೇಳಲಿಲ್ಲ.

ಹೊಸ ಗಾಜು ಉತ್ತರದಿಂದ ಹಡಗಿನಲ್ಲಿ ಬರಬೇಕು.
ಅಳತೆಗೆ ಬರುವವನಿಗೇ ಹದಿನೈದು ಸಾವಿರ ಪೆಸೊ.
ಗಾಜಿನ ಬೆಲೆ ಕೇಳಿ ನಾನು
ಫೋನನ್ನು ಮೆಲ್ಲಗೆ ಕೆಳಗಿಟ್ಟೆ,
ಅದೂ ಬಿರಿದೀತೆಂದು.

ಹಾಗಾದರೆ ಕೇಳು, ಅಂದ ಎಲಿಸೆಯೋ:
ಮೊದಲು ವಿನೆಗರ್ ನೀರಲ್ಲಿ ಒರೆಸು. ಆಮೇಲೆ ಒಣಗಿಸು.
ಒಣಗಿತು ಅನ್ನಿಸಿದ ಮೇಲೂ ಇನ್ನೊಮ್ಮೆ ಒಣಗಿಸು.
ಒದ್ದೆ ಗಾಜಿಗೆ ಟೇಪು ಅಂಟುವುದು
ಕುಡುಕ ಕೊಟ್ಟ ಮಾತು ನಿಲ್ಲುವಷ್ಟು ಹೊತ್ತು.
ಎರಡೂ ಕಡೆ ಅಂಟಿಸು, ಪಾರ್ಸೆಲ್ಲಿನ ಅಗಲ ಟೇಪು,
ಗುಳ್ಳೆಗಳನ್ನು ಚಮಚದ ಬೆನ್ನಿಂದ ತೀಡು.
ಹಳೇ ಮನೆಚಪ್ಪಲಿಯ ಉಣ್ಣೆ ಕತ್ತರಿಸಿ
ಚೌಕಟ್ಟಿಗೆ ಬಡಿ, ಇನ್ನೊಮ್ಮೆ...
ಗಾಳಿ ಬಂದರೆ ಇರಲಿ.
ತುದಿಯನ್ನು ಮಾತ್ರ ಟೇಪಿನ ಹೊರಗೆ ಬಿಡು.
ಸೀಳು ಎಲ್ಲಿ ಕಣ್ಣಿಗೆ ತಪ್ಪಿಸಿಕೊಳ್ಳುತ್ತದೋ ಅಲ್ಲಿ
ಉಗುರುಬಣ್ಣದ ಒಂದು ಬೊಟ್ಟು.
ಅಲ್ಲಿ ಅದು ನಿಂತು ಯೋಚಿಸುತ್ತದೆ.
ವಾಸಿಯಾಗುವುದಿಲ್ಲ. ಯೋಚಿಸುತ್ತದೆ ಅಷ್ಟೇ.

ಉಗುರುಬಣ್ಣ ನನ್ನಲ್ಲಿಲ್ಲ.
ರಾತ್ರಿಯಿಡೀ ಕಾರ್ಖಾನೆಯಲ್ಲಿ
ಸೆಂತೋಯಾ ಏಡಿಯ ಕಾಲಿಂದ ಮಾಂಸ ಬಿಡಿಸುವ ಕೈಗೆ
ಉಗುರೆಂಬುದೇ ಒಂದು ವದಂತಿ.
ಯಾಸ್ನಾಳ ಡಬ್ಬಿ ತೆಗೆದೆ, ಕೇಳದೆ.
ಬಣ್ಣವಿಲ್ಲದ್ದು ಇರಲಿಲ್ಲ.
ಸಿಕ್ಕಿದ್ದು ಕಡುನೇರಳೆ, ಹದಿನಾರು ವರ್ಷದ ನೇರಳೆ,
ಮುಚ್ಚಳ ಒಣಗಿ ಕಚ್ಚಿಕೊಂಡಿತ್ತು.

ಬೊಟ್ಟಿಡುವಾಗ ಕೈ ನಡುಗಿತು.
ಗಾಳಿ ಗುದ್ದಿ ಮೈ ನೋಯಿಸಿಕೊಳ್ಳಬಾರದಂತೆ.
ನಾನು ಗುದ್ದಿದ್ದು ಗಾಳಿಯನ್ನಲ್ಲ.
ನೀನೂ ನಿನ್ನಪ್ಪನ ಹಾಗೇ,
ಅಷ್ಟೇ ಅಂದದ್ದು.
ಆಮೇಲೆ ಬಾಗಿಲು.

ಮನೆಯೊಡತಿ ಮಾರಿತ್ಸಾ ಬಾಡಿಗೆಗೆ ಬಂದಳು.
ಟೇಪು ನೋಡಿದಳು, ನನ್ನನ್ನು ನೋಡಿದಳು.
ನಾನು ಬಾಯಿ ತೆರೆಯುವ ಮೊದಲೇ
ಒಲೆಯ ಬಳಿ ಕಟ್ಟಿಗೆ ಜೋಡಿಸುತ್ತಿದ್ದ ಯಾಸ್ನಾ
ತಿರುಗದೆಯೇ ಅಂದಳು: ಗಾಳಿ.
ಎರಡು ವಾರದಲ್ಲಿ ಈ ಮನೆಯೊಳಗೆ
ಅವಳು ಆಡಿದ ಮೊದಲ ಮಾತು.
ಗಾಳಿಯೇ, ಅಂದೆ ನಾನೂ.

ಟೇಪಿನ ಅಂಚು ಹಳದಿಯಾಯಿತು,
ಹಿಟ್ಟು, ಬೂದಿ, ಬೆಕ್ಕಿನ ಕೂದಲು ಮೆತ್ತಿಕೊಂಡವು.
ಹಡಗುಗಳು ಬಂದವು, ಹೋದವು.
ಗಾಜಿನ ದುಡ್ಡು ಒಮ್ಮೆ ಅವಳ ಹಲ್ಲಿಗೆ ಹೋಯಿತು,
ಒಮ್ಮೆ ನನ್ನ ಬೂಟಿಗೆ.
ಸೀಳು ಬೊಟ್ಟಿನ ಬಳಿ ಯೋಚಿಸುತ್ತಲೇ ಇತ್ತು.

ಜುಲೈಯಲ್ಲಿ, ನಲ್ಲಿಯೊಳಗೆ ನೀರು ಹೆಪ್ಪುಗಟ್ಟಿದ ರಾತ್ರಿ,
ಅದು ನಿರ್ಧಾರಕ್ಕೆ ಬಂತು.
ಬೆಳಿಗ್ಗೆ ಎಂಟಾದರೂ ಕತ್ತಲೆ.
ಪಾಳಿ ಮುಗಿಸಿ, ಏಡಿಯ ವಾಸನೆ ಹೊತ್ತು
ಒಳಗೆ ಬಂದು ದೀಪ ಹಾಕಿದೆ.
ನೇರಳೆ ಬೊಟ್ಟನ್ನು ದಾಟಿ
ಒಂದು ಬೆರಳಷ್ಟು ಮುಂದೆ ಹೋಗಿತ್ತು ಸೀಳು.
ಅಲ್ಲಿ, ಹೊಸ ತುದಿಯಲ್ಲಿ,
ಇನ್ನೊಂದು ಬೊಟ್ಟು,
ನನ್ನದಕ್ಕಿಂತ ದುಂಡಗೆ.

ಮುಟ್ಟಿ ನೋಡಿದೆ.
ಇನ್ನೂ ಆರಿರಲಿಲ್ಲ. ದುಂಡು ಕೆಟ್ಟಿತು.
ಎದ್ದು ಬರುತ್ತಾಳೆ,
ಯಾರು ಕೆಡಿಸಿದ್ದು ಎಂದು ಕೇಳುತ್ತಾಳೆ.
ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು
ಗಾಳಿ, ಎನ್ನುತ್ತೇನೆ.

ಹೊರಗೆ ಒಂದೆಲೆಯೂ ಅಲುಗುತ್ತಿಲ್ಲ.