ಏಳನೇ ಬುರುಡೆ

ವೋರ್ತ್ಸ್ ಸರೋವರದ ಮೇಲೆ ಒಂಬತ್ತು ಹಳದಿ ಬುರುಡೆ.
ಹೊಟ್ಟೆಯಲ್ಲಿ ಬ್ಯಾಟರಿ, ನೆತ್ತಿಗೆ ಅಂಗೈಯಗಲ ಸೌರಫಲಕ,
ನೀರೊಳಗೆ ಇಳಿಬಿಟ್ಟ ತಂತಿಯ ಕಾಲು.
ಹತ್ತು ನಿಮಿಷಕ್ಕೊಮ್ಮೆ ತಾಪ, ಬಗ್ಗಡ, ಆಮ್ಲಜನಕ:
ದೂರದ್ದು ಪಕ್ಕದ್ದರ ಕಿವಿಗೆ, ಪಕ್ಕದ್ದು ದಡದ ಕಿವಿಗೆ,
ದಡ ನನಗೆ, ತಾರ್ತುವಿನ ಮೂರನೇ ಮಹಡಿಗೆ.
ಚಾಡಿಯ ಹಾಗೇ, ಆದರೆ ಒಂದಕ್ಷರ ಹೆಚ್ಚಿಸದೆ.

ಅಕ್ಟೋಬರಿನ ಬಿರುಗಾಳಿಗೆ ಏಳನೆಯದು ಮಾತು ಬಿಟ್ಟಿತು.
ಮೂರು ದಿನ ಮೌನ. ಆಮೇಲೆ
ಶನಿವಾರ ಸಂಜೆ ಆರೂವರೆಗೆ
ಸರೋವರದ ತಾಪ: ಎಪ್ಪತ್ತೆಂಟು ಡಿಗ್ರಿ.

ಬುರುಡೆ ಬುರುಡೆ ಬಿಡುತ್ತಿದೆ ಎಂದು
ಅಳಿಸಲು ಬೆರಳಿಟ್ಟೆ, ಮರೆತೆ.
ಮುಂದಿನ ಶನಿವಾರವೂ ಅದೇ ಹೊತ್ತು, ಅದೇ ಕುದಿ.
ಸುಳ್ಳು ಹೀಗೆ ವಾರ ನೋಡಿ ಬರುವುದಿಲ್ಲ.

ಜೊಂಡಿನಾಚೆ ಹೆಲ್ಯು ಅಜ್ಜಿಯ ಸೌನಾ.
ಮೇಲಿನ ಹಲಗೆಯಲ್ಲಿ, ಬರ್ಚ್ ಸೊಪ್ಪಿನ ಕಟ್ಟಿನ ಪಕ್ಕ,
ಕಿಟಕಿಗೆ ಮುಖ ಮಾಡಿ ಕೂತಿದೆ ನನ್ನ ಏಳನೆಯದು,
ಪಾಚಿ ಕೆರೆಸಿಕೊಂಡು, ಮೈಯೆಲ್ಲ ಬೆವರು.

"ಹಾವುಮೀನಿನ ಬಲೆಗೆ ಸಿಕ್ಕಿತು. ಕೊರೆಯುವಷ್ಟು ತಣ್ಣಗಿತ್ತು.
ಒಳಗೇನೋ ಮಿಣುಕುತ್ತಿತ್ತು.
ಮಿಣುಕುವುದನ್ನು ಹೊರಗೆ ಬಿಡುತ್ತಾರೇನು?"
ಹೊಗೆಯಾಡಿಸಿದ ಮೀನು ಕಟ್ಟಿಕೊಟ್ಟಳು,
ಯಾವ ಇಲಾಖೆ ಎಂದು ಕೇಳಲಿಲ್ಲ.

ಈಗ ಅದು ಮತ್ತೆ ನೀರಿನಲ್ಲಿ:
ನಾಲ್ಕು ಡಿಗ್ರಿ. ನಾಲ್ಕು. ಮೂರು ಮುಕ್ಕಾಲು.
ಆ ಎರಡು ಶನಿವಾರಗಳನ್ನು ನಾನು ಅಳಿಸಿಲ್ಲ.
ಎದುರಿಗೆ, ದೋಷದ ಕಾರಣ ಬರೆಯುವ ಖಾನೆಯಲ್ಲಿ,
'ಮೀಯಲು ಹೋಗಿತ್ತು' ಎಂದು ಬರೆದಿದ್ದೇನೆ.
ಮೇಲಿನವರು ಇನ್ನೂ ನೋಡಿಲ್ಲ.