ಮುಳುಗಿದವುಗಳ ಲೆಕ್ಕ

ಅರವತ್ತೆರಡನೆಯ ನಂಬರಿನ ಬಸ್ಸಿಗೆ ಇದೇ ಕೊನೆ.
ಲ್ಯಾಂಕಶೈರಿನ ಈ ಮೂಲೆಯಲ್ಲಿ ಹನ್ನೆರಡು ನಿಮಿಷ ನಿಲ್ಲಬೇಕು,
ಡಿಪೋದವರು ಚಹಾಕ್ಕೆಂದು ಕೊಟ್ಟ ಹೊತ್ತು.
ಇಂಜಿನ್ ಆರಿಸುತ್ತೇನೆ. ಆಮೇಲೆ ಕೇಳಿಸುತ್ತದೆ,
ಬೇಲಿಯಾಚೆ, ನೀರಿನ ಮೇಲೆ, ನೂರಾರು ಕೊರಳಿನ ಗುಸುಗುಸು.

ಇದು ದೇವರು ಮಾಡಿದ ಕೆರೆಯಲ್ಲ, ಯಾರೂ ಕಟ್ಟಿಸಿದ್ದೂ ಅಲ್ಲ.
ಕೆಳಗೆ ಕಲ್ಲಿದ್ದಲು ತೆಗೆದು ತೆಗೆದು ನೆಲ ಟೊಳ್ಳಾಗಿ
ಒಂದು ಜನವರಿ, ಓಟ್ಸ್ ಬೆಳೆಯುತ್ತಿದ್ದ ಹೊಲ
ಸದ್ದಿಲ್ಲದೆ ಕುಸಿಯಿತಂತೆ, ಹಳೇ ಹಾಸಿಗೆಯ ನಡುವಿನ ಹಾಗೆ.
ಮಳೆ ಬಂದು ಮಲಗಿತು. ಎದ್ದು ಹೋಗಲಿಲ್ಲ.
ಬೇಲಿಯ ಗೂಟಗಳು ಇನ್ನೂ ನೀರಿನೊಳಕ್ಕೆ ನಡೆದುಹೋಗುತ್ತವೆ:
ಒಂದು, ಎರಡು, ಮೂರು, ಆಮೇಲೆ ತುದಿ ಮಾತ್ರ,
ಆಮೇಲೆ ತುದಿಯ ಮೇಲೆ ಕೂತ ನೀರುಕಾಗೆ ಮಾತ್ರ.

ಬೆರಿಲ್ ಥ್ರೆಲ್ಫಾಲ್ ಮೊದಲೇ ಬಂದಿರುತ್ತಾಳೆ.
ಮಡಚುವ ಸ್ಟೂಲು, ತೊಡೆಯ ಮೇಲೆ ಬಿಸಿನೀರಿನ ರಬ್ಬರ್ ಚೀಲ,
ಎಂಬತ್ತಮೂರು ವರ್ಷ, ಎರಡೂ ಕಣ್ಣಿನ ನಡುವೆ ಕಪ್ಪು ಬೊಟ್ಟು.
"ನೋಡಿದ್ದು ಮಾಯ, ನೋಡದೆ ಬಿಟ್ಟದ್ದು ಸುತ್ತಲೂ ಕಾಣುತ್ತೆ"
ಎಂದು ಡಾಕ್ಟರಿಗಿಂತ ಚೆನ್ನಾಗಿ ಹೇಳುತ್ತಾಳೆ.
ಹಾಗಾಗಿ ಹೋದ ನವೆಂಬರಿನಿಂದ ಕಣ್ಣು ನನ್ನದು, ಲೆಕ್ಕ ಆಕೆಯದು:
ಗೋಡೆಕಾಗದದ ಬೆನ್ನಿಗೆ, ದಪ್ಪ ಪೆನ್ನಿನಲ್ಲಿ, ಅಂಗೈಯಷ್ಟು ಅಂಕಿ.

ಮೊದಮೊದಲು ನನಗೆ ಎಲ್ಲವೂ ಬಾತು.
ಈಗ ಜುಟ್ಟಿನದು ಬೇರೆ, ಕೆಂದಲೆಯದು ಬೇರೆ,
ಗುದ್ದಲಿ ಕೊಕ್ಕಿನದು ಗಾಣದೆತ್ತಿನಂತೆ ಸುತ್ತುತ್ತ ನೀರು ಸೋಸುತ್ತದೆ.
ಮಂಜುಗಡ್ಡೆಯ ಅಂಚಿನಲ್ಲಿ ನಾಮಕೋಳಿಗಳು,
ಹಣೆಗೆ ಬಿಳಿ ನಾಮ ಎಳೆದುಕೊಂಡು, ಬೀಗರ ಹಾಗೆ ಜಗಳಕ್ಕೆ ನಿಂತಿವೆ.
"ಎಷ್ಟು?"
"ನಲವತ್ತೊಂದು."
"ಜಗಳ ಬಿಡಿಸಿ ಎಣಿಸಿದೆಯಾ?"

ಕಷ್ಟ ಇರುವುದು ಮುಳುಗುವವುಗಳದ್ದು.
ಗುಳುಮುಳುಕ ಸಾಲಗಾರ, ಕಣ್ಣಿಗೆ ಬಿದ್ದರೆ ತಲೆ ತಪ್ಪಿಸುತ್ತದೆ.
ಹೊಂಗಣ್ಣಿನ ಬಾತುಗಳಂತೂ, ಹತ್ತು ಎನ್ನುವಷ್ಟರಲ್ಲಿ ಏಳು;
ಏಳು ಎಂದೊಡನೆ, ಯಾರೋ ಕೂಗಿ ಎಬ್ಬಿಸಿದಂತೆ
ದೂರದಲ್ಲಿ ಎರಡು ಏಳುತ್ತವೆ.
ಹೋದವೇ ಬಂದವೋ, ಬೇರೆಯವೋ?

"ಹತ್ತು ಅಂತ ಬರೆದುಕೊಳ್ಳಿ" ಎಂದೆ. ಬೆರಳು ಮರಗಟ್ಟಿತ್ತು.
"ಕಂಡದ್ದೆಷ್ಟು?"
"ಒಂಬತ್ತು."
ಪೆನ್ನಿಗೆ ಮುಚ್ಚಳ ಹಾಕಿ ಕೂತಳು.

ಉಳಿದದ್ದು ಮೂರು ನಿಮಿಷ. ಬಸ್ಸಿನಲ್ಲಿ ಒಬ್ಬನೇ ಹುಡುಗ,
ಕಿವಿಗೆ ಹಾಡು ತುರುಕಿಕೊಂಡು.
ಆಗ ಹೇಳಿದಳು, ನನಗಲ್ಲ, ನೀರಿಗೆ ಎಂಬ ಹಾಗೆ:
ಹದಿನೇಳಕ್ಕೆ ಗಣಿಯ ದೀಪದ ಕೋಣೆಗೆ ಸೇರಿದೆ.
ಇಳಿಯುವವನಿಗೆ ಒಂದು ದೀಪ, ಒಂದು ಹಿತ್ತಾಳೆ ಬಿಲ್ಲೆ.
ಪಾಳಿ ಮುಗಿದ ಮೇಲೆ ದೀಪ ಮೊಳೆಗೆ ವಾಪಸು ಬರಬೇಕು.
ಇನ್ನೂರ ಹದಿನಾರು ಮೊಳೆ.
ಒಂದು ಬರಿದಾಗಿದ್ದರೂ ಕಿಟಕಿ ಮುಚ್ಚುವಂತಿಲ್ಲ.
ಒಂದು ರಾತ್ರಿ ಮೇಸ್ತ್ರಿ ಅಂದ, 'ದೀಪ ಮರೆತು
ಕುಡಿಯಲು ಹೋಗಿರುತ್ತಾನೆ, ಬಂದ ಅಂತ ಬರೆದುಕೋ ಹುಡುಗಿ.'

"ಬರೆದಿರಾ?"

ಚೀಲವನ್ನು ತೊಡೆಯಿಂದ ಹೊಟ್ಟೆಗೆ ಸರಿಸಿಕೊಂಡಳು.
"ಮೇಲೆ ಬಂತಾ ನೋಡು."

ನೋಡಿದೆ. ನೀರು, ಗೂಟ, ನೀರು.
ಹೊತ್ತು ಮೀರಿತು. ಹುಡುಗ ಇಳಿದು ಬಂದ,
ಬಯ್ಯುವುದಕ್ಕೆ ಬಾಯಿ ತೆರೆದವನು ಬೇಲಿಯ ಬಳಿ ನಿಂತ.
"ಅದೋ, ಅಲ್ಲೊಂದು, ಆ ಗುಂಪಿಗೆ ಸೇರದ್ದು!"
ನಾನು ತಿರುಗುವಷ್ಟರಲ್ಲಿ ಬರೀ ಉಂಗುರಗಳು.

"ಹೇಗಿತ್ತು?" ಎಂದಳು ಬೆರಿಲ್, ಮುಖ ಅವನತ್ತ ತಿರುಗಿಸದೆ.
"ಕಣ್ಣು ಹಳದಿ. ಕೆನ್ನೆಗೆ ಸುಣ್ಣದ ಬೊಟ್ಟು."
"ಉಳಿದವು ಆಗ ಮೇಲಿದ್ದವಾ?"
ಅವನು ಬೆರಳು ಮಡಚಿದ. "ಒಂಬತ್ತೂ."
"ಹೆಸರು?"
"ನನ್ನದಾ? ಕೇಲಬ್."

ಹತ್ತು ಎಂದು ಬರೆದಳು. ಪಕ್ಕದಲ್ಲಿ, ಕಾಗುಣಿತ ಕೇಳಿಕೊಂಡು,
ಕಂಡವನ ಹೆಸರು.

ಡಿಪೋದ ಹಾಳೆಯಲ್ಲಿ ತಡವಾದುದಕ್ಕೆ ಕಾರಣ ಬರೆಯಲು
ಒಂದು ಗೆರೆಯಷ್ಟು ಜಾಗ ಇರುತ್ತದೆ.
ರಸ್ತೆಯಲ್ಲಿ ಮಂಜು, ಎಂದು ಬರೆದೆ.